ಪುಟ್ಟ ಟ್ರ್ಯಾಕ್ಟರಿನ ಬೆನ್ನಿಗೆ ಎಷ್ಟಗಲದ ರೋಟವೇಟರ್?

ಮಲೆನಾಡಿನ ಕೊಟ್ಟಿಗೆಗಳಿಂದ ಹೂಡುವ ಎತ್ತುಗಳು ಒಂದೊಂದಾಗಿ ಹೊರಟುಹೋದ ಮೇಲೆ ಆ ಜಾಗಕ್ಕೆ ಮೊದಲು ಬಂದದ್ದು ಪವರ್ ಟಿಲ್ಲರ್. ಈಗ ಅದರ ಪಕ್ಕದಲ್ಲಿ 15ರಿಂದ 28 ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರುಗಳು ನಿಲ್ಲತೊಡಗಿವೆ. ಟ್ರ್ಯಾಕ್ಟರ್ ಅಂಗಳಕ್ಕೆ ಬಂದ ವಾರದೊಳಗೆ ಮನೆಯವರ ಮುಂದೆ ಬರುವ ಪ್ರಶ್ನೆ ಒಂದೇ: ಇದರ ಬೆನ್ನಿಗೆ ಯಾವ ರೋಟವೇಟರ್? ಅಂಗಡಿಯಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿದೆ. ಟ್ರ್ಯಾಕ್ಟರ್ ಎಳೆಯಬಲ್ಲದ್ದರಲ್ಲಿ ಅತ್ಯಂತ ಅಗಲವಾದದ್ದನ್ನು, ಮಣ್ಣನ್ನು ಅತ್ಯಂತ ನುಣುಪಾಗಿ ಪುಡಿ ಮಾಡುವುದನ್ನು ಕೊಳ್ಳಿರಿ ಎಂಬುದೇ ಆ ಉತ್ತರ. ಸಹಾಯಧನದ ಪಟ್ಟಿಯೂ ಅಶ್ವಶಕ್ತಿ ಮತ್ತು ಅಡಿಗಳ ಲೆಕ್ಕದಲ್ಲಿಯೇ ಇರುತ್ತದೆ. ಗದ್ದೆಯ ಇಳಿಜಾರು ಎಷ್ಟು, ಮಣ್ಣು ಎಂಥದು, ಯಾವ ಬೆಳೆಯ ಬೇರು ಎಲ್ಲಿದೆ ಎಂದು ಕೇಳುವ ಕಾಲಂ ಅದರಲ್ಲಿ ಇರುವುದಿಲ್ಲ.

ಕಾಡು, ಹೊಳೆ, ಗಣಿಗಳ ಕುರಿತು ಬರೆಯುವ ಪುಟಗಳಲ್ಲಿ ಉಳುಮೆ ಉಪಕರಣದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಜೂನ್ ತಿಂಗಳ ಎರಡನೆಯ ವಾರದಲ್ಲಿ ಯಾವುದಾದರೂ ಹಳ್ಳದ ಸೇತುವೆಯ ಮೇಲೆ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಕೆಂಪಗೆ ಹರಿಯುವ ಆ ನೀರಿನಲ್ಲಿ ರಸ್ತೆ ಕಾಮಗಾರಿಯ ಮಣ್ಣಿದೆ, ಧರೆ ಕುಸಿದ ಮಣ್ಣಿದೆ. ಅದರ ಜೊತೆಗೆ ಮೇ ತಿಂಗಳಲ್ಲಿ ಹುಡಿಯಾಗಿ ಉತ್ತು ಬಿಟ್ಟ ಹೊಲದ ಮಣ್ಣೂ ಇದೆ. ಮೊದಲಿನ ಎರಡರ ಕುರಿತು ಮನವಿ, ಧರಣಿ, ದಾವೆಗಳು ನಡೆಯುತ್ತವೆ. ಮೂರನೆಯದು ರೈತನ ಕೈಯಲ್ಲಿಯೇ ಇರುವ ಸಂಗತಿ.

ಈ ಬರಹ ಯಂತ್ರವಿರೋಧಿಯಲ್ಲ. ಎತ್ತು ಸಾಕುವ ಕಷ್ಟ, ಸಸಿ ನೆಡುವ ಕಾಲಕ್ಕೆ ಆಳು ಸಿಗದ ಕಷ್ಟ, ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಿರುವ ಕಷ್ಟವನ್ನು ಬಲ್ಲವರು ಮರಳಿ ನೇಗಿಲು ಹಿಡಿಯಿರಿ ಎಂದು ಉಪದೇಶಿಸಲಾರರು. ರೋಟವೇಟರ್ ಇಲ್ಲದಿದ್ದರೆ ಇನ್ನಷ್ಟು ಗದ್ದೆ ಬೀಳು ಬೀಳುತ್ತಿತ್ತು ಎಂಬುದೂ ನಿಜ. ಆದರೆ ಬಯಲುಸೀಮೆಗೆಂದು ರೂಪುಗೊಂಡ ಆಯ್ಕೆಯ ಲೆಕ್ಕವನ್ನು ಹಾಗೆಯೇ ಘಟ್ಟಕ್ಕೆ ಹತ್ತಿಸುವುದು ಸರಿಯಲ್ಲ.

ಯಂತ್ರ ಮಾಡುವ ಕೆಲಸ

ರೋಟವೇಟರಿನ ಹುಟ್ಟೂರು ಆಸ್ಟ್ರೇಲಿಯಾ. ನ್ಯೂ ಸೌತ್ ವೇಲ್ಸ್ ಪ್ರಾಂತದ ಗಿಲ್ಗಾಂಡ್ರಾದಲ್ಲಿ 1912ರಲ್ಲಿ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬ ತರುಣ ತನ್ನ ತಂದೆಯ ಜಮೀನಿನಲ್ಲಿ ಉಗಿ ಟ್ರ್ಯಾಕ್ಟರಿನ ಎಂಜಿನ್ನಿನಿಂದ ಶಕ್ತಿ ಪಡೆದು ಮಣ್ಣು ಅಗೆಯುವ ಪ್ರಯೋಗ ಆರಂಭಿಸಿದ. ನೇಗಿಲು ಮಣ್ಣನ್ನು ಎತ್ತುವಾಗ ಅಡಿಯ ಪದರವನ್ನು ಅದುಮಿ ಗಟ್ಟಿ ಮಾಡುತ್ತದೆ, ಅದನ್ನು ತಪ್ಪಿಸಬೇಕು ಎಂಬುದು ಅವನ ಉದ್ದೇಶವಾಗಿತ್ತು. ಮೊದಲ ಮಾದರಿಗಳು ಮಣ್ಣನ್ನು ಪಕ್ಕಕ್ಕೆ ಎರಚುತ್ತಿದ್ದವು. ಸಣ್ಣ ವ್ಯಾಸದ ರೋಟರಿಗೆ ‘ಎಲ್’ ಆಕಾರದ ಬ್ಲೇಡುಗಳನ್ನು ದೂರದೂರ ಜೋಡಿಸಿ ಅವನು ಅದನ್ನು ಸರಿಪಡಿಸಿದ. 1920ರಲ್ಲಿ ಹಕ್ಕುಸ್ವಾಮ್ಯ ಪಡೆದ. ರೋಟವೇಟರ್ ಎಂಬುದು ಅವನ ಕಂಪನಿಯ ವ್ಯಾಪಾರದ ಹೆಸರು. ಈಗ ಎಲ್ಲ ಕಂಪನಿಗಳ ಯಂತ್ರಕ್ಕೂ ಜನ ಅದೇ ಹೆಸರನ್ನು ಬಳಸುತ್ತಾರೆ. ನೇಗಿಲಿನ ಗಟ್ಟಿ ಪದರವನ್ನು ತಪ್ಪಿಸಲು ಹುಟ್ಟಿದ ಈ ಯಂತ್ರದ ಮೇಲೆ ಇಂದು ಅದೇ ಆಪಾದನೆ ಇದೆ. ವರ್ಷವೂ ಅದೇ ಆಳಕ್ಕೆ, ಹಸಿ ಹೆಚ್ಚಿರುವಾಗ ಓಡಿಸಿದರೆ ಬ್ಲೇಡಿನ ಬೆನ್ನು ಕೆಳಗಿನ ಜೇಡಿಯನ್ನು ಕರಣೆಯಲ್ಲಿ ಸಾರಿಸಿದಂತೆ ಸವರಿ ಮುಚ್ಚಿಬಿಡುತ್ತದೆ.

ಟ್ರ್ಯಾಕ್ಟರಿನ ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ರೋಟವೇಟರಿನ ಗಿಯರ್ ಪೆಟ್ಟಿಗೆ ಅದನ್ನು ತಗ್ಗಿಸಿ ರೋಟರಿಗೆ ಸುಮಾರು 200 ಸುತ್ತುಗಳ ವೇಗ ಕೊಡುತ್ತದೆ. ಒಂದೊಂದು ಚಕ್ರದ ಮೇಲೆ ಆರು ಬ್ಲೇಡು. ಮೂರು ಎಡಕ್ಕೆ, ಮೂರು ಬಲಕ್ಕೆ. ಟ್ರ್ಯಾಕ್ಟರ್ ಗಂಟೆಗೆ 3 ಕಿ.ಮೀ. ವೇಗದಲ್ಲಿ ಸಾಗಿದರೆ ನಿಮಿಷಕ್ಕೆ 50 ಮೀಟರ್. ಅಷ್ಟರಲ್ಲಿ ಒಂದು ಬದಿಯ ಬ್ಲೇಡುಗಳು ನೆಲವನ್ನು 600 ಸಲ ಕಚ್ಚುತ್ತವೆ. ಅಂದರೆ ಒಂದೊಂದು ತುತ್ತು ಎಂಟು ಸೆಂ.ಮೀ.ಗಿಂತ ತುಸು ಹೆಚ್ಚು. ವೇಗವನ್ನು ಅರ್ಧಕ್ಕೆ ಇಳಿಸಿದರೆ ತುತ್ತೂ ನಾಲ್ಕು ಸೆಂ.ಮೀ.ಗೆ ಇಳಿಯುತ್ತದೆ, ಮಣ್ಣು ಹಿಟ್ಟಾಗುತ್ತದೆ. ಎರಡನೆಯ, ಮೂರನೆಯ ಸಲ ಓಡಿಸಿದರೆ ಕೇಳುವುದೇ ಬೇಡ. ಈ ಸಣ್ಣ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಯಂತ್ರದ ಆಯ್ಕೆಯೂ ಬಳಕೆಯೂ ಅರ್ಧ ಸುಲಭವಾದಂತೆ.

ಪ್ರಾತ್ಯಕ್ಷಿಕೆಗಳಲ್ಲಿ ಮಾರಾಟಗಾರರು ಮಣ್ಣನ್ನು ಬೊಗಸೆಯಲ್ಲಿ ಎತ್ತಿ ತೋರಿಸುತ್ತಾರೆ. ಬೆರಳ ಸಂದಿಯಿಂದ ಅದು ರಾಗಿಹಿಟ್ಟಿನಂತೆ ಸೋರುವಾಗ ನೆರೆದವರೆಲ್ಲ ತಲೆದೂಗುತ್ತಾರೆ. ಘಟ್ಟದ ರೈತ ತಲೆದೂಗಬಾರದ ಗಳಿಗೆ ಅದು. ಒಳ್ಳೆಯ ಮಣ್ಣು ಬಿಡಿ ಕಣಗಳ ರಾಶಿಯಲ್ಲ. ಬೇರಿನ ಸ್ರಾವ, ಶಿಲೀಂಧ್ರದ ಎಳೆ, ಎರೆಹುಳದ ಹಿಕ್ಕೆ ಸೇರಿ ಕಣಗಳನ್ನು ಅಂಟಿಸಿ ಕಾಳುಕಾಳಾಗಿ ಕಟ್ಟಿರುತ್ತವೆ. ಆ ಕಾಳುಗಳ ನಡುವಿನ ಸಂದಿಯಲ್ಲಿಯೇ ಮಳೆನೀರು ಇಳಿಯುವುದು, ಬೇರು ಉಸಿರಾಡುವುದು. ಕಾಳು ಒಡೆದು ಹಿಟ್ಟಾದ ನೆಲದ ಮೇಲೆ ಮೊದಲ ಅಡ್ಡಮಳೆ ಬಿದ್ದೊಡನೆ ಹಿಟ್ಟು ಸಂದಿಗಳನ್ನು ಮುಚ್ಚುತ್ತದೆ, ಮೇಲೆ ತೆಳು ಹೆಪ್ಪು ಕಟ್ಟುತ್ತದೆ. ಆಮೇಲೆ ಬಿದ್ದ ನೀರೆಲ್ಲ ಇಳಿಯದೆ ಹರಿಯುತ್ತದೆ, ಹರಿಯುವಾಗ ಮಣ್ಣನ್ನೂ ಒಯ್ಯುತ್ತದೆ. ವರ್ಷಕ್ಕೆ 600 ಮಿ.ಮೀ. ಮಳೆಯಾಗುವ ಸಮತಟ್ಟಾದ ನೆಲದಲ್ಲಿ ಇದರ ನಷ್ಟ ತಡೆದುಕೊಳ್ಳುವಂಥದ್ದಾಗಿರಬಹುದು. 3000 ಮಿ.ಮೀ. ಸುರಿಯುವ ಇಳಿಜಾರಿನಲ್ಲಿ ಹಾಗಲ್ಲ.

ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮೇಲ್ಮಣ್ಣು ಹೋದರೆ ಅದು ನಾಲ್ಕು ಘನ ಮೀಟರ್, ತೂಕದಲ್ಲಿ ಸುಮಾರು ಐದು ಟನ್. ಕಣ್ಣಿಗೆ ಅದು ಕಾಣುವುದೇ ಇಲ್ಲ. ಅದೇ ರೈತ ಬೇಸಿಗೆಯಲ್ಲಿ ಧರೆ ಕಡಿಸಿ ತೋಟಕ್ಕೆ ಹೊಸ ಮಣ್ಣು ಹೊರಿಸುವಾಗ ಲೋಡುಗಳನ್ನು ಎಣಿಸಿ ದುಡ್ಡು ಕೊಡುತ್ತಾನೆ.

ಯಂತ್ರ ಹೋಗಬಾರದ ಜಾಗಗಳು

ರೋಟವೇಟರ್ ಆರಿಸುವ ಮೊದಲು ಅದು ಎಲ್ಲಿಗೆ ಹೋಗಬಾರದು ಎಂಬುದನ್ನು ಗೊತ್ತು ಮಾಡಿಕೊಳ್ಳಬೇಕು. ಉಳಿದ ಜಾಗ ಎಷ್ಟೆಂದು ತಿಳಿದ ಮೇಲೆ ಯಂತ್ರದ ಅಳತೆ ತಾನಾಗಿ ಸಣ್ಣದಾಗುತ್ತದೆ. ಕೆಲವರಿಗೆ ಯಂತ್ರವೇ ಬೇಡವೆನ್ನಿಸಬಹುದು.

ಮೊದಲನೆಯದು ಅಡಿಕೆ ತೋಟ. ಒಂಬತ್ತು ಅಡಿ ಅಂತರದ ಸಾಲು ಅಂದರೆ 2.7 ಮೀಟರ್. ಅದರ ನಡುವೆ ಒಂದು ಮೀಟರ್ ಅಗಲದ ರೋಟವೇಟರ್ ಸರಿಯಾಗಿ ಮಧ್ಯದಲ್ಲಿ ಸಾಗಿದರೂ ಎರಡೂ ಬದಿಯ ಮರಗಳ ಬುಡಕ್ಕೆ ಉಳಿಯುವುದು 85 ಸೆಂ.ಮೀ. ಅಡಿಕೆಗೆ ತಾಯಿಬೇರಿಲ್ಲ, ಅದರ ಬೇರುಗಳ ಬಹುಪಾಲು ಬುಡದಿಂದ ಒಂದು ಮೀಟರ್ ಸುತ್ತಿನೊಳಗೆ, ಮೇಲಿನ ಎರಡು ಅಡಿ ಮಣ್ಣಿನಲ್ಲಿಯೇ ಇರುತ್ತವೆ. ಚಾಲಕನ ಕೈ ಒಂದು ಗೇಣು ಆಚೀಚೆ ಆದರೂ ಒಂದು ಸಾಲಿನ ಬೇರು ಚೂರುಚೂರು. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಉಣ್ಣುವ ಬೇರುಗಳಂತೂ ಇನ್ನೂ ಮೇಲೆ ಇರುತ್ತವೆ. ಸೊರಗು ರೋಗ ತರುವ ಫೈಟಾಫ್ತೊರಾ ಮಣ್ಣಿನಲ್ಲಿಯೇ ವಾಸಿಸುವಂಥದು. ಬಳ್ಳಿಯ ಬೇರಿಗೆ ಗಾಯ ಮಾಡಬೇಡಿ ಎಂದು ವಿಜ್ಞಾನಿಗಳು ಪದೇ ಪದೇ ಹೇಳುವುದು ಈ ಕಾರಣಕ್ಕೇ. ಕಳೆಯ ಕಾಟವೆಂದು ತೋಟಕ್ಕೆ ರೋಟವೇಟರ್ ಇಳಿಸುವವರು ಮುಂದಿನ ಮಳೆಗಾಲದಲ್ಲಿ ಬಳ್ಳಿ ಏಕೆ ಹಳದಿಯಾಯಿತೆಂದು ಗೊಬ್ಬರದ ಅಂಗಡಿಯಲ್ಲಿ ವಿಚಾರಿಸುತ್ತಾರೆ. ತೋಟದ ಕಳೆಗೆ ಹುಲ್ಲು ಕತ್ತರಿಸುವ ಯಂತ್ರ ಸಾಕು. ಕತ್ತರಿಸಿದ ಹುಲ್ಲು ಅಲ್ಲಿಯೇ ಬಿದ್ದು ಹೊದಿಕೆಯಾಗಲಿ. ಅದರ ಮೇಲೆ ಸೊಪ್ಪಿನ ಬೆಟ್ಟದ ದರಕು ಬೀಳಲಿ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟವನ್ನು ಬಿಟ್ಟುಕೊಟ್ಟ ಉತ್ತರ ಕನ್ನಡದ ವ್ಯವಸ್ಥೆಯ ಹಿಂದೆ ಇದ್ದದ್ದು ಮಣ್ಣನ್ನು ಮುಚ್ಚಿಡಬೇಕೆಂಬ ತಿಳಿವಳಿಕೆ. ಕಾಫಿ ತೋಟಕ್ಕೂ ಇದೇ ಮಾತು ಸಲ್ಲುತ್ತದೆ.

ಎರಡನೆಯದು ಇಳಿಜಾರಿನ ಬ್ಯಾಣ, ಹಕ್ಕಲು, ಏಣು. ಹತ್ತು ಅಡಿ ನಡೆದರೆ ಒಂದು ಅಡಿಗಿಂತ ಹೆಚ್ಚು ಇಳಿಯುವ ನೆಲಕ್ಕೆ ರೋಟವೇಟರ್ ಬೇಡವೇ ಬೇಡ. ಇಲ್ಲಿ ಇನ್ನೊಂದು ಅಪಾಯವೂ ಇದೆ. ತಿರುಗುವ ರೋಟರ್ ಟ್ರ್ಯಾಕ್ಟರನ್ನು ಮುಂದಕ್ಕೆ ದೂಡುತ್ತದೆ. ಇಳಿಯುವ ದಿಕ್ಕಿನಲ್ಲಿ ಓಡಿಸಿದರೆ ಹಿಡಿತ ತಪ್ಪಬಹುದು. ಅಡ್ಡಡ್ಡ ಓಡಿಸೋಣವೆಂದರೆ ಮೂರು ಅಡಿ ಅಗಲದ ಟ್ರ್ಯಾಕ್ಟರ್ ಮಗುಚಬಹುದು. ಮಣ್ಣಿಗೂ ಮನುಷ್ಯನಿಗೂ ಒಳ್ಳೆಯದಾದ ಕೆಲಸ ಅಲ್ಲಿಲ್ಲ.

ಶುಂಠಿಯ ಮಾತನ್ನು ಇಲ್ಲಿ ಆಡಲೇಬೇಕು. ಗದ್ದೆಯನ್ನೂ ಹಕ್ಕಲನ್ನೂ ಒಂದು ವರ್ಷದ ಮಟ್ಟಿಗೆ ಗೇಣಿಗೆ ಪಡೆದು, ಆಳವಾಗಿ ಉತ್ತು ಎರಡು ಮೂರು ಸಲ ರೋಟವೇಟರ್ ಹೊಡೆಸಿ, ನೀರು ಬಸಿದುಹೋಗಲೆಂದು ಇಳಿಜಾರಿನ ದಿಕ್ಕಿಗೇ ಏರುಮಡಿ ಕಟ್ಟಿ, ಕೊಳೆ ಬರುವ ಮೊದಲೇ ಕಿತ್ತು ಮಾರಿ, ಮರುವರ್ಷ ಇನ್ನೊಂದು ಊರಿಗೆ ಹೋಗುವ ಕೃಷಿ ಇದು. ಬಾಡಿಗೆ ರೋಟವೇಟರಿಗೆ ಇದರಷ್ಟು ಲಾಭದ ಕೆಲಸ ಬೇರೊಂದಿಲ್ಲ. ಹಾಗಾಗಿಯೇ ಕೆಲವರು ತಮ್ಮ ಅರ್ಧ ಎಕರೆ ಗದ್ದೆಗೆ ಬೇಕಿಲ್ಲದ ದೊಡ್ಡ ಯಂತ್ರವನ್ನು ಬಾಡಿಗೆಯ ಆಸೆಯಿಂದ ಕೊಳ್ಳುತ್ತಾರೆ. ಸಾಲದ ಕಂತು ಕಟ್ಟಲು ಯಂತ್ರ ಓಡಲೇಬೇಕು. ಓಡಬೇಕೆಂದರೆ ಉಳಬಾರದ ನೆಲವನ್ನೂ ಉಳಬೇಕು. ಅಂಗಡಿಯಲ್ಲಿ ಅರ್ಧ ಅಡಿ ಹೆಚ್ಚು ಅಗಲವನ್ನು ಆರಿಸಿದ ಕ್ಷಣದಲ್ಲಿಯೇ ಈ ದಾರಿ ತೆರೆದಿರುತ್ತದೆ.

ಮತ್ತೊಂದು ವೆಚ್ಚ ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಟ್ರ್ಯಾಕ್ಟರ್ 600ರಿಂದ 800 ಕಿಲೋ, ಅದರ ಬೆನ್ನಿಗೆ 200 ಕಿಲೋ ಮೀರಿದ ರೋಟವೇಟರ್. ಇದು ಮೆಟ್ಟಿಲು ಮೆಟ್ಟಿಲಾದ ಗದ್ದೆಗೆ ಇಳಿಯಬೇಕಾದರೆ ದಾರಿ ಬೇಕು. ದಾರಿಗೆಂದು ಜೆಸಿಬಿ ತರಿಸಿ ಗುಡ್ಡದ ಬುಡ ಕಡಿಯುತ್ತಾರೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಇಳಿಜಾರನ್ನು ಮನಬಂದಂತೆ ಕಡಿದದ್ದು ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದರು. ಒಂದು ಎಕರೆ ಗದ್ದೆಗೆ ಹೊಸ ದಾರಿ ಕಡಿಯಬೇಕಾಗಿ ಬಂದರೆ ಆ ಗದ್ದೆಗೆ ಪವರ್ ಟಿಲ್ಲರೇ ಸರಿ. ಅದರ ಹಿಡಿಕೆ ಹಿಡಿದವರ ಕೈ ಜೋಮು ಹಿಡಿಯುವುದು ನಿಜ, ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯಬೇಕಾಗುವುದೂ ನಿಜ. ಆದರೂ ಅದು ಹಲಗೆಯ ಮೇಲೆ ಅಂಚು ದಾಟುತ್ತದೆ.

ಗದ್ದೆಗೆ ತಕ್ಕ ಯಂತ್ರ

ಇನ್ನು ಉಳಿಯುವುದು ಭತ್ತದ ಗದ್ದೆ. ಇಲ್ಲಿ ರೋಟವೇಟರಿಗೆ ನ್ಯಾಯವಾದ ಕೆಲಸವಿದೆ. ಅಂಚು ಕಟ್ಟಿದ ಸಮತಟ್ಟಾದ ಗದ್ದೆಯಲ್ಲಿ ಮಣ್ಣು ಕೊಚ್ಚಿಹೋಗುವ ಭಯ ಕಡಿಮೆ. ಕೆಸರು ಹೂಟಿಯ ಉದ್ದೇಶವೇ ಮಣ್ಣಿನ ಸಂದಿಗಳನ್ನು ಮುಚ್ಚಿ ನೀರು ನಿಲ್ಲಿಸುವುದು. ಬೇರೆಡೆ ದೋಷವಾದ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಡಯಂಚಾ, ಅಪ್ಸೆಣಬುಗಳಂಥ ಹಸಿರೆಲೆ ಗೊಬ್ಬರವನ್ನೂ ಹಿಂದಿನ ಬೆಳೆಯ ಕೂಳೆಯನ್ನೂ ಕೊಚ್ಚಿ ಮಣ್ಣಿಗೆ ಸೇರಿಸಲು ಇದಕ್ಕಿಂತ ಅನುಕೂಲದ ಉಪಕರಣವಿಲ್ಲ. ಗದ್ದೆಗೆ ಸೊಪ್ಪು ಹೊತ್ತು ತಂದು ತುಳಿಯುತ್ತಿದ್ದ ಕಾಲ ಮುಗಿದಿರುವಾಗ ಹಸಿರೆಲೆ ಗೊಬ್ಬರವನ್ನು ಮತ್ತೆ ರೂಢಿಗೆ ತರಲು ರೋಟವೇಟರ್ ನೆರವಾದೀತು. ಆದರೆ ಸಸಿ ನೆಡಲು ಬೇಕಾಗುವ ಆಳ ನಾಲ್ಕೈದು ಇಂಚು ಮಾತ್ರ. ಎರಡು ಸಲ ಓಡಿಸಿ ಕೊರಡು ಹೊಡೆದರೆ ಸಾಕು. ಕದಡಿದ ಕೆಸರುನೀರನ್ನು ಅಂದೇ ಹಳ್ಳಕ್ಕೆ ಒಡೆಯದೆ ಒಂದೆರಡು ದಿನ ಕಟ್ಟಿ ನಿಲ್ಲಿಸಿದರೆ ಮಣ್ಣು ತಳ ಸೇರುತ್ತದೆ. ಈ ಕೊನೆಯ ಮಾತಿಗೆ ಖರ್ಚಿಲ್ಲ, ಆದರೂ ಅವಸರದಲ್ಲಿ ಹೆಚ್ಚಿನವರು ಮರೆಯುತ್ತಾರೆ. ಭತ್ತದ ನಂತರ ಉದ್ದು, ಹೆಸರು ಹಾಕುವವರು ಆ ಒಣ ನೆಲಕ್ಕೆ ರೋಟವೇಟರ್ ಹಾಕುವ ಬದಲು ಕಲ್ಟಿವೇಟರಿನಲ್ಲಿ ಒಮ್ಮೆ ಗೀರಿದರೆ ಒಳ್ಳೆಯದು. ಜೇಕು, ಗರಿಕೆ ಇರುವ ಮಕ್ಕಿ ಗದ್ದೆಯಲ್ಲಂತೂ ರೋಟವೇಟರ್ ಗಡ್ಡೆಯನ್ನೂ ಬೇರನ್ನೂ ತುಂಡರಿಸಿ ಹರಡುವ ಕೆಲಸ ಮಾಡುತ್ತದೆ. ಕಳೆ ನಾಶವಾಯಿತೆಂದು ಅನ್ನಿಸುವುದು ಮೂರು ವಾರ ಮಾತ್ರ.

ಅಗಲದ ಲೆಕ್ಕಕ್ಕೆ ಬರೋಣ. ಒಂದು ಅಡಿ ಅಗಲಕ್ಕೆ ಪಿ.ಟಿ.ಓ.ದಲ್ಲಿ ದೊರೆಯುವ 5ರಿಂದ 7 ಅಶ್ವಶಕ್ತಿ ಬೇಕೆಂಬುದು ರೂಢಿಯ ಅಳತೆ. ಬಾನೆಟ್ಟಿನ ಮೇಲೆ ಬರೆದಿರುವುದು ಎಂಜಿನ್ನಿನ ಶಕ್ತಿ, ಪಿ.ಟಿ.ಓ.ದಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. 24 ಅಶ್ವಶಕ್ತಿಯ ಟ್ರ್ಯಾಕ್ಟರಿನ ಪಿ.ಟಿ.ಓ.ದಲ್ಲಿ 20ರ ಆಸುಪಾಸು ಸಿಕ್ಕರೆ ಅದಕ್ಕೆ ತಕ್ಕದ್ದು ಮೂರರಿಂದ ಮೂರೂಕಾಲು ಅಡಿ, ಅಂದರೆ ಹೆಚ್ಚೆಂದರೆ ಒಂದು ಮೀಟರ್. ಅಂಗಡಿಯವರು ನಾಲ್ಕಡಿಯದನ್ನು ತೋರಿಸುತ್ತಾರೆ. ಒಣ ಮರಳು ಮಣ್ಣಿನಲ್ಲಿ ಟ್ರ್ಯಾಕ್ಟರ್ ಅದನ್ನು ಎಳೆದೀತು. ಕೂಳೆ ತುಂಬಿದ ಜೇಡಿ ಗದ್ದೆಯಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಚಾಲಕ ಅತ್ಯಂತ ಕೆಳಗಿನ ಗಿಯರಿಗೆ ಇಳಿಸುತ್ತಾನೆ, ತುತ್ತು ಸಣ್ಣದಾಗಿ ಮಣ್ಣು ಅನಗತ್ಯವಾಗಿ ಅರೆಯಲ್ಪಡುತ್ತದೆ, ಡೀಸೆಲ್ಲೂ ಉರಿಯುತ್ತದೆ. ಕಡಿಮೆ ಅಗಲದ ಯಂತ್ರವನ್ನು ಅದೇ ಟ್ರ್ಯಾಕ್ಟರ್ ಒಂದು ಗಿಯರ್ ಮೇಲಿಟ್ಟು ಸಲೀಸಾಗಿ ಒಯ್ಯುತ್ತದೆ. ಯಂತ್ರದ ಅಗಲ ಹಿಂದಿನ ಗಾಲಿಗಳ ಹೊರ ಅಂಚಿನಷ್ಟಿದ್ದು ಗಾಲಿಯ ಜಾಡನ್ನು ಮುಚ್ಚಿದರೆ ಸಾಕು; ತುಸು ಕಡಿಮೆ ಬಿದ್ದರೆ ಒಂದು ಬದಿಗೆ ಸರಿಸಿ ಜೋಡಿಸುವ ಅವಕಾಶವಿರುವ ಮಾದರಿಯನ್ನು ಕೇಳಬೇಕು. ಅಂಚಿನ ಬುಡದವರೆಗೆ ಉಳಲೂ ಅದು ಅನುಕೂಲ.

ಸಮಯ ಉಳಿಯುತ್ತದಲ್ಲ ಎಂಬ ವಾದವನ್ನೂ ಅಳೆದು ನೋಡಬಹುದು. ಗಂಟೆಗೆ 2 ಕಿ.ಮೀ. ವೇಗದಲ್ಲಿ, ಮೂಲೆ ತಿರುಗಿಸುವ ಹೊತ್ತನ್ನೂ ಸೇರಿಸಿಕೊಂಡು, ಒಂದು ಮೀಟರ್ ಅಗಲದ ರೋಟವೇಟರಿಗೆ ಎಕರೆಗೆ ಸುಮಾರು ಮೂರು ಗಂಟೆ ಹಿಡಿಯುತ್ತದೆ. ನಾಲ್ಕಡಿಯದಕ್ಕೆ ಎರಡೂವರೆ ಗಂಟೆ. ಉಳಿಯುವುದು ಅರ್ಧ ಗಂಟೆ. ಅದೂ ಸಣ್ಣ ಸಣ್ಣ ಗದ್ದೆಗಳ ಮೂಲೆಗಳಲ್ಲಿ ಕರಗಿಹೋಗುವುದೇ ಹೆಚ್ಚು.

ಅಗಲಕ್ಕಿಂತ ಹೆಚ್ಚಾಗಿ ಕೇಳಬೇಕಾದ ಸಂಗತಿಗಳು ಬೇರೆ ಇವೆ. ರೋಟರಿನ ವೇಗವನ್ನು ತಗ್ಗಿಸಲು ಗಿಯರ್ ಜೋಡಿ ಬದಲಿಸುವ ಸೌಲಭ್ಯ ಇದೆಯೇ? ಇದ್ದರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳಬೇಕು. ಮಣ್ಣನ್ನು ಉಂಡೆಯಾಗಿ ಬಿಡುವ ಸ್ವಾತಂತ್ರ್ಯ ಸಿಗುವುದು ಅದರಿಂದ. ಹಿಂಬದಿಯ ತಗಡನ್ನು ಮೇಲೆತ್ತಿ ಕಟ್ಟಲು ಸರಪಳಿ ಇದೆಯೇ? ತಗಡು ಕೆಳಗಿದ್ದರೆ ಚಿಮ್ಮಿದ ಹೆಂಟೆ ಅದಕ್ಕೆ ಬಡಿದು ಮತ್ತೆ ಪುಡಿಯಾಗುತ್ತದೆ, ಎತ್ತಿದ್ದರೆ ಹೆಂಟೆ ಹೆಂಟೆಯಾಗಿಯೇ ಬೀಳುತ್ತದೆ. ಆದರೆ ತಗಡು ಎತ್ತಿದಾಗ ಹಿಂದೆ ಯಾರೂ ನಿಲ್ಲಬಾರದು, ಕಲ್ಲು ಸಿಡಿಯುತ್ತದೆ. ಆಳವನ್ನು ಗೊತ್ತುಪಡಿಸುವ ಪಕ್ಕದ ಸ್ಕಿಡ್‌ಗಳು ಸುಲಭವಾಗಿ ಮೇಲೆ ಕೆಳಗೆ ಆಗುವಂತಿರಬೇಕು. ಅದಿಲ್ಲದೆ ಹೈಡ್ರಾಲಿಕ್ ನಂಬಿ ಓಡಿಸಿದರೆ ಮೆತ್ತನೆಯ ಗದ್ದೆಯಲ್ಲಿ ಯಂತ್ರ ತನಗೆ ಬೇಕಾದಷ್ಟು ಆಳಕ್ಕೆ ಹೂತುಕೊಳ್ಳುತ್ತದೆ. ಬ್ಲೇಡಿನಲ್ಲಿ ‘ಎಲ್’ ಆಕಾರದ್ದು ಒಣ ಉಳುಮೆಗೂ ಕೂಳೆ ಕೊಚ್ಚಲೂ, ‘ಸಿ’ ಅಥವಾ ‘ಜೆ’ ಆಕಾರದ್ದು ಅಂಟು ಕೆಸರಿಗೂ ಹೊಂದುತ್ತದೆ. ಭತ್ತಕ್ಕೆ ಮಾತ್ರ ಬಳಸುವವರು ಎರಡನೆಯದನ್ನು ಹಾಕಿಸಲಿ. ಜಂಬಿಟ್ಟಿಗೆ ಕಲ್ಲು ತಲೆ ಎತ್ತುವ ನೆಲದಲ್ಲಿ ಸ್ಲಿಪ್ ಕ್ಲಚ್ ಇರುವ ದಂಡ ಉತ್ತಮ. ಕಲ್ಲು ಸಿಕ್ಕಾಗಲೆಲ್ಲ ಶಿಯರ್ ಬೋಲ್ಟ್ ಮುರಿದು, ಬದಲಿ ಬೋಲ್ಟ್ ಇಲ್ಲದೆ ಕಬ್ಬಿಣದ ಸರಳು ತುರುಕಿ, ಕೊನೆಗೆ ಗಿಯರ್ ಪೆಟ್ಟಿಗೆಯನ್ನೇ ಒಡೆದುಕೊಂಡವರು ಅನೇಕರಿದ್ದಾರೆ. ಪಕ್ಕದ ಸರಪಳಿಯಿಂದ ತಿರುಗುವ ರೋಟರ್ ಹಗುರ, ಅಗ್ಗ. ಗಿಯರಿನದು ಭಾರ, ಆದರೆ ಕೆಸರಿನಲ್ಲಿ ಬಾಳಿಕೆ ಹೆಚ್ಚು. ಭಾರ ಹೆಚ್ಚಾದಾಗ ಟ್ರ್ಯಾಕ್ಟರಿನ ಎತ್ತುವ ಶಕ್ತಿಯನ್ನೂ ನೋಡಬೇಕು. ಯಂತ್ರವನ್ನು ಎತ್ತಿಕೊಂಡು ಧರೆಯ ದಾರಿ ಹತ್ತುವಾಗ ಮುಂದಿನ ಗಾಲಿ ನೆಲ ಬಿಡುವಂತಿದ್ದರೆ ಮುಂಭಾಗಕ್ಕೆ ತೂಕ ಕಟ್ಟಲೇಬೇಕು, ಇಲ್ಲವೇ ಹಗುರವಾದದ್ದನ್ನು ಕೊಳ್ಳಬೇಕು.

ತಿರುಗುವ ದಂಡದ ಮೇಲಿನ ಪ್ಲಾಸ್ಟಿಕ್ ಕವಚವನ್ನು ಗ್ರೀಸ್ ಹಾಕಲು ಅಡ್ಡಿಯೆಂದು ಕಿತ್ತೆಸೆಯುವ ರೂಢಿ ಎಲ್ಲೆಡೆ ಇದೆ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು. ಲುಂಗಿಯ ತುದಿಯೋ ಸೀರೆಯ ಸೆರಗೋ ಅದಕ್ಕೆ ಸಿಕ್ಕಿದರೆ ಕೂಗುವಷ್ಟು ಸಮಯವೂ ಇರುವುದಿಲ್ಲ. ರೋಟರ್ ತಿರುಗುತ್ತಿರುವಾಗ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವುದೂ ಅಷ್ಟೇ ಅಪಾಯದ ಕೆಲಸ.

ಇವೆಲ್ಲಕ್ಕೂ ಮೊದಲು ನೋಡಬೇಕಾದದ್ದು ಹದ. ಹದ ತಪ್ಪಿದ ನೆಲಕ್ಕೆ ನೇಗಿಲು ಇಳಿಯುತ್ತಿರಲಿಲ್ಲ. ಬಲವಂತ ಮಾಡಿದರೆ ಎತ್ತು ನಿಂತುಬಿಡುತ್ತಿತ್ತು. ರೋಟವೇಟರ್ ಹಾಗೆ ನಿಲ್ಲುವುದಿಲ್ಲ. ಕಲ್ಲಿನಂತೆ ಒಣಗಿದ್ದರೂ ಅಂಟಿನಂತೆ ನೆನೆದಿದ್ದರೂ ಅದು ಉಳುತ್ತದೆ. ಒಣ ಉಳುಮೆಗೆ ಹೊರಡುವ ಮುನ್ನ ನಾಲ್ಕಿಂಚು ಆಳದ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಸೊಂಟದ ಎತ್ತರದಿಂದ ಬಿಟ್ಟು ನೋಡಲಿ. ಉಂಡೆ ಕಟ್ಟದಿದ್ದರೆ ಇನ್ನೂ ಒಣಗಿದೆ, ಬಿದ್ದರೂ ಒಡೆಯದಿದ್ದರೆ ಇನ್ನೂ ಹಸಿಯಿದೆ. ಬಾಡಿಗೆ ಯಂತ್ರದ ಸರದಿ ಇಂದೇ ಬಂದಿದೆಯೆಂದು ಹದ ನೋಡದೆ ಉಳಿಸುವುದರಿಂದ ಆಗುವ ಹಾನಿ ಅಗಲ ತಪ್ಪಿದ ಯಂತ್ರದಿಂದ ಆಗುವುದಕ್ಕಿಂತ ಹೆಚ್ಚು.

ಎಷ್ಟು ಗಂಟೆಯ ಕೆಲಸ?

ಎರಡು ಎಕರೆ ಗದ್ದೆಯುಳ್ಳ ಮನೆಗೆ ಎರಡು ಸಲದ ಉಳುಮೆ ಸೇರಿ ವರ್ಷಕ್ಕೆ ರೋಟವೇಟರಿನ ಕೆಲಸ ಹನ್ನೆರಡು ಗಂಟೆ. ಉಳಿದ ದಿನಗಳಲ್ಲಿ ಅದು ತುಕ್ಕು ಹಿಡಿಯುತ್ತ ಕೊಟ್ಟಿಗೆಯಲ್ಲಿ ಕುಳಿತಿರಬೇಕು, ಇಲ್ಲವೇ ಉಳಬಾರದ ನೆಲವನ್ನು ಹುಡುಕುತ್ತ ತಿರುಗಬೇಕು. ಐದಾರು ಮನೆಗಳಿಗೆ ಒಂದು ರೋಟವೇಟರ್ ಧಾರಾಳವಾಗಿ ಸಾಕು. ಸರಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಆಶಯವೂ ಇದೇ ಆಗಿತ್ತು. ಆದರೆ ಹೋಬಳಿ ಕೇಂದ್ರದಲ್ಲಿ ನಿಂತ ಐದಾರಡಿಯ ರೋಟವೇಟರ್ ಘಟ್ಟದ ಹಳ್ಳಿಗಳ ಗದ್ದೆಗಳಿಗೆ ಇಳಿಯಲಾರದು. ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟರಿಗೆ ಶೇ. 90ರವರೆಗೆ ದೊರೆಯುವ ಸಹಾಯಧನ ಒಬ್ಬೊಬ್ಬರ ಹೆಸರಿಗೆ ಹೋಗುವ ಬದಲು ಐದು ಮನೆಗಳ ಗುಂಪಿಗೆ, ಒಂದು ಮೀಟರಿನೊಳಗಿನ ಯಂತ್ರಕ್ಕೆ ಆದ್ಯತೆಯಲ್ಲಿ ಹೋಗುವಂತೆ ಮಲೆನಾಡಿನ ತಾಲ್ಲೂಕುಗಳಿಗೆ ಪ್ರತ್ಯೇಕ ಮಾರ್ಗಸೂಚಿ ಬೇಕು. ಪ್ರಾತ್ಯಕ್ಷಿಕೆಯೂ ತಾಲ್ಲೂಕು ಕೇಂದ್ರದ ಮೈದಾನದಲ್ಲಿ ಏಪ್ರಿಲ್ ತಿಂಗಳಲ್ಲಿ ನಡೆಯದೆ ಮಳೆ ಬಿದ್ದ ಮೇಲೆ ಗದ್ದೆಯಲ್ಲಿ ನಡೆಯಲಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮತ್ತು ಉಳುಮೆ ಉಪಕರಣಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಉಳಿದ ಹಣದಲ್ಲಿ ಇನ್ನರ್ಧ ಅಡಿ ಅಗಲದ್ದು ಬರುತ್ತದೆಂದು ಹೇಳುವವರು ಈಗ ಹೆಚ್ಚಾಗಿದ್ದಾರೆ. ಆ ಹಣದಲ್ಲಿ ಸ್ಲಿಪ್ ಕ್ಲಚ್ ಮತ್ತು ಒಂದು ಜೊತೆ ಹೆಚ್ಚುವರಿ ಬ್ಲೇಡು ಬಂದರೆ ಮೇಲು.

ಕೂಡಿ ಕೊಳ್ಳುವವರು ಮೊದಲೇ ಒಂದಿಷ್ಟು ಮಾತು ಮಾಡಿಕೊಳ್ಳಬೇಕು. ಮಳೆ ಹಿಡಿದಾಗ ಯಾರ ಗದ್ದೆ ಮೊದಲು ಎಂಬ ಜಗಳವೇ ಇಂಥ ಗುಂಪುಗಳನ್ನು ಒಡೆಯುವುದು. ನೀರು ನಿಲ್ಲದ ಮಕ್ಕಿ ಗದ್ದೆಗೆ ಮೊದಲ ಸರದಿ, ನೀರು ನಿಲ್ಲುವ ಬಯಲು ಗದ್ದೆಗೆ ಆಮೇಲೆ ಎಂದು ಗೊತ್ತು ಮಾಡಿಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಓಡಿದ ಗಂಟೆಗಳನ್ನು ಬರೆದಿಡುವ ಒಂದು ಪುಸ್ತಕ, ಗಂಟೆಗಿಷ್ಟು ಎಂದು ಬ್ಲೇಡು ಮತ್ತು ಎಣ್ಣೆಗೆ ಕೂಡಿಡುವ ಹಣ, ಯಂತ್ರ ಓಡಿಸಲು ಕಲಿತ ಇಬ್ಬರು, ಇಷ್ಟಿರಬೇಕು. ತೋಟಕ್ಕೂ ಇಳಿಜಾರಿನ ಹಕ್ಕಲಿಗೂ ಯಂತ್ರ ಹೋಗಕೂಡದೆಂಬ ಕರಾರನ್ನು ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ. ಒಂದು ಮನೆಯ ಗದ್ದೆಯಿಂದ ಇನ್ನೊಂದು ಮನೆಯದಕ್ಕೆ ಹೊರಡುವ ಮೊದಲು ರೋಟರಿಗೂ ಗಾಲಿಗೂ ಮೆತ್ತಿದ ಮಣ್ಣನ್ನು ಗದ್ದೆಯ ಅಂಚಿನಲ್ಲಿಯೇ ಕೆರೆದು ತೊಳೆಯಬೇಕು. ಶುಂಠಿಯ ಕೊಳೆಯೂ ಮೆಣಸಿನ ಸೊರಗೂ ಊರಿಂದೂರಿಗೆ ಪ್ರಯಾಣ ಮಾಡುವುದು ಹೀಗೆ ಮೆತ್ತಿಕೊಂಡ ಮಣ್ಣಿನಲ್ಲಿ.